ಬಿಸಿಲಿಗೆ ತೆರೆದ ರೀಲು

ಡೆನಿಸ್ ಹ್ಯಾಲಮ್ ಲಂಡನ್ನಿನಲ್ಲಿ ಬಹುಕಾಲ ಯುದ್ಧದ ಸಿನಿಮಾಗಳಿಗೆ ಚಿತ್ರಕಥೆ ಬರೆದವನು. ಅವು ಓಡುವುದು ನಿಂತ ಮೇಲೆ ತಾನೇ ನಿರ್ಮಾಪಕನಾಗಿ ಕಂಪನಿಗಳಿಗೆ ಪ್ರಚಾರಚಿತ್ರ ಮಾಡಿಕೊಡತೊಡಗಿದ. ಹಾಗೆ ೧೯೮೪ರಲ್ಲಿ, ಚಿತ್ರಮಂದಿರಗಳೇ ಇಲ್ಲದ ಸೌದಿಗೆ, ದಮ್ಮಾಮಿನ ಉತ್ತರಕ್ಕಿದ್ದ ನಮ್ಮ ಸ್ಥಾವರಕ್ಕೆ ಬಂದ. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಸ್ಥಾವರ. ನಾನು ಅಲ್ಲಿ ಕೆಮಿಸ್ಟ್. ಚಿತ್ರಕಥೆಯ ತಾಂತ್ರಿಕ ತಪ್ಪುಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಿತ್ತು.

ಪೈಪುಗಳಲ್ಲಿ ಕಟ್ಟುವ ಸುಣ್ಣವನ್ನು ಆಸಿಡ್ ಹಾಕಿ ತೊಳೆಯುವ ದೃಶ್ಯದಲ್ಲಿ, "ಕೆಲಸಗಾರ ರಕ್ಷಣಾ ಕನ್ನಡಕ ತೆಗೆದು ನಗುತ್ತಾನೆ" ಎಂದಿತ್ತು. ಆ ಸಾಲನ್ನು ಹೊಡೆದುಹಾಕಿದೆ.

ಚಿತ್ರೀಕರಣದ ದಿನ ಅದು ಮತ್ತೆ ಬಂದಿತ್ತು. ಬರೆದವನೂ ಅವನೇ, ನಿರ್ಮಾಪಕನೂ ಅವನೇ. ನನ್ನ ಮೇಲಿನವರು ಚಹಾ ಕುಡಿಯುತ್ತ ನೋಡುತ್ತಿದ್ದರು.

"ಕನ್ನಡಕ ಹಾಕಿಕೋ," ಎಂದೆ, ಆಸಿಡ್ ಸುರಿಯಲು ನಿಂತಿದ್ದ ಉಳ್ಳಾಲದ ಹಸನ್ ಕುಂಞಿಗೆ.

"ಹಾಕಿದ್ರೆ ಮಗಳಿಗೆ ಅಪ್ಪ ಯಾರೂಂತ ಗೊತ್ತಾಗುದು ಹೇಗೆ ಸಾರ್? ಅವಳು ಹುಟ್ಟಿದ ಮೇಲೆ ನಾನು ಊರಿಗೆ ಹೋಗ್ಲೇ ಇಲ್ಲ. ಈ ಸಿನಿಮಾದ ಕ್ಯಾಸೆಟ್ ಕೊಡ್ತಾರಂತೆ. ಒಂದು ನಿಮಿಷ ಮಾರಾಯ್ರೆ."

"ಯಲ್ಲಾ," ಎಂದು ಅವಸರಪಡಿಸಿದ ಹ್ಯಾಲಮ್. ಅವನಿಗೆ ಬರುತ್ತಿದ್ದ ಅರಬ್ಬಿ ಅಷ್ಟೇ.

ಹಸನ್ ನಕ್ಕ. ಸುರಿದ. ಆಸಿಡ್ ಸಿಡಿಯಿತು. ನಾನು ಅವನ ತಲೆಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದಿದ್ದಾಗಲೂ ಬೆನ್ನ ಹಿಂದೆ ಕ್ಯಾಮರಾದ ಸದ್ದು ನಿಂತಿರಲಿಲ್ಲ.

ಎಡಗಣ್ಣು ಹೋಯಿತೆಂದು ಆಸ್ಪತ್ರೆಯಲ್ಲಿ ಹೇಳಿದರು. ಮರುದಿನ ಗೆಸ್ಟ್ ಹೌಸಿಗೆ ಹೋದೆ. ಹ್ಯಾಲಮ್ ಆ ರೀಲಿನ ಡಬ್ಬಿಗೆ ಟೇಪು ಸುತ್ತುತ್ತಿದ್ದ. ಡೆವಲಪ್ ಆಗಲು ಅದು ಲಂಡನ್ನಿಗೆ ಹೋಗಬೇಕಿತ್ತು.

"ಇಷ್ಟು ಸಿನಿಮಾ ಬರೆದೆ ನೊರ್ಬರ್ಟ್, ನಿಜವಾದ ನೋವಿನ ಮುಖ ಒಂದರಲ್ಲೂ ಸಿಕ್ಕಿರಲಿಲ್ಲ," ಎಂದ. "ಇದನ್ನು ಕಂಪನಿಗೆ ಕೊಡುವುದಿಲ್ಲ. ನನ್ನದೇ ಒಂದು ಸಿನಿಮಾಕ್ಕೆ ಇರಲಿ."

ನಾನು ಡಬ್ಬಿ ಕಿತ್ತುಕೊಂಡು ಅಂಗಳಕ್ಕೆ ಹೋದೆ. ಟೇಪು ಹರಿದು ಫಿಲ್ಮನ್ನೆಲ್ಲ ಬಿಸಿಲಿಗೆ ಎಳೆದು ಹಾಕಿದೆ. ಡೆವಲಪ್ ಆಗದ ಫಿಲ್ಮಿಗೆ ಬೆಳಕು ತಾಗಿದರೆ ಏನೂ ಉಳಿಯುವುದಿಲ್ಲ. ಹ್ಯಾಲಮ್ ಮೆಟ್ಟಿಲ ಮೇಲೆ ಕುಸಿದು ಕೂತ. ನನಗೆ ಕರುಣೆ ಬರಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ಹಸನನಿಗೆ ಹೇಳಿದೆ. ಮೆಚ್ಚಿಕೊಳ್ಳುತ್ತಾನೆಂದು ಭಾವಿಸಿದ್ದೆ.

"ಪೂರಾ ಹೋಯ್ತಾ? ಸುರುವಿಗೆ ನಗಾಡಿದ್ದು ಕೂಡ?"

"ಎಲ್ಲ."

ಅವನು ಬ್ಯಾಂಡೇಜು ಕಟ್ಟಿದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ.

"ಕಣ್ಣು ತೆಗೆದದ್ದು ಅವ. ಎರಡು ಕಣ್ಣಿದ್ದ ಮೋರೆ ತೆಗೆದದ್ದು ನೀವು. ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ಆಗ್ತಿತ್ತು ಸಾರ್ ನಿಮಗೆ?"