ಭೂತದ ಎಲೆಗೆ ಓಡೆನ್ ಅಂಗಡಿಯ ಪರದೆ

ಒಸಾಕಾದ ನಿಪ್ಪೊಂಬಾಶಿಯಲ್ಲಿ, ಕಾಸು ಹಾಕಿ ಆಡುವ ಯಂತ್ರಗಳಿರುವ ನಮ್ಮ ಆಟದಂಗಡಿಯ ಗದ್ದಲ ಎಂದರೆ ಸಾಮಾನ್ಯದ್ದಲ್ಲ. ಆಕಾಶದ ಗುಡುಗು ಒಳಗೆ ಬಂದರೂ ಬಾಗಿಲಲ್ಲಿ ಸಾಲು ನಿಂತು ಸರದಿ ಕಾಯಬೇಕು. ಅಂಥ ಅಂಗಡಿಯ ನಟ್ಟನಡುವೆ, ಆ ಭಾನುವಾರ ಮಧ್ಯಾಹ್ನ, ಒಂದೇ ಒಂದು ಯಂತ್ರ ಸೂತಕದ ಮನೆಯ ಹಾಗೆ ತೆಪ್ಪಗಿತ್ತು. ಅದರ ಪಕ್ಕ ತೊರಿತಾನಿ ಮಿನೆಕೊ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಕಣ್ಣಿನ ಉರಿಗೆ ಎದುರಿನ ಗೊಂಬೆಗಳ ರೋಮ ಸುಟ್ಟು ಸುರುಟಿಕೊಂಡಿತ್ತು ಎಂದು ಕೆಲವರು ಹೇಳುತ್ತಾರೆ. ನಾನು ನಂಬುತ್ತೇನೆ.

ಯಂತ್ರ ಅವಳದೇ ಕೂಸು. ಆಗ ದೇಶದ ಪ್ರತಿ ಜೇಬಿನಲ್ಲೂ ‘ನೂರೊಂದು ಭೂತ’ ಎಂಬ ಅಂಗೈಯಗಲದ ಆಟವಿತ್ತು. ಭೂತಗಳ ಚಿತ್ರವಿರುವ, ಇಸ್ಪೀಟಿನಂಥ ಎಲೆಗಳನ್ನು ಗೆದ್ದು ಗೆದ್ದು ಕೂಡಿಸುವುದು, ಗೆಳೆಯನ ಆಟಿಕೆಗೆ ತಂತಿ ಜೋಡಿಸಿ ಕಾದಾಡುವುದು. ರೈಲಿನಲ್ಲಿ ಆಡುತ್ತ ಆಡುತ್ತ ಇಳಿಯುವುದನ್ನು ಮರೆತು ಸಮುದ್ರದವರೆಗೆ ಹೋದವರಿದ್ದಾರೆ. ಅದನ್ನೇ ಆಟದಂಗಡಿಯ ದೊಡ್ಡ ಯಂತ್ರಕ್ಕೆ ಏರಿಸುತ್ತೇನೆಂದು ಮಿನೆಕೊ ಕಂಪನಿಯಲ್ಲಿ ಹಟ ಹಿಡಿದಿದ್ದಳು.

"ಜೇಬಿನ ಆಟದಲ್ಲಿ ಇಬ್ಬರಿಗೂ ಬೇರೆ ಬೇರೆ ಸ್ಕ್ರೀನ್ ಇತ್ತು, ಕೈಯಲ್ಲಿರೋ ಎಲೆ ಗುಟ್ಟಾಗಿತ್ತು," ಎಂದಿದ್ದರು ಅವಳ ವಿಭಾಗದ ಮುಖ್ಯಸ್ಥ ಕುರಹಾಶಿ. "ಅಂಗಡೀಲಿ ಬೆನ್ನ ಹಿಂದೆ ಹತ್ತು ಜನ ನಿಂತು ಇಣುಕ್ತಾರೆ. ಏನ್ಮಾಡ್ತೀಯ? ನಿನ್ನ ಎಲೆ ಅವನಿಗೆ ಸನ್ನೆ ಮಾಡಿ ಹೇಳ್ತಾರೆ."

"ಬೆನ್ನ ಹಿಂದೆ ಪರದೆ ಕಟ್ತೀನಿ ಬುಚೋ. ಹೂಡಿದ ಎಲೆ ಮಾತ್ರ ಮೇಲಿನ ದೊಡ್ಡ ಸ್ಕ್ರೀನಲ್ಲಿ ಊರಿಗೆಲ್ಲ ಕಾಣುತ್ತೆ."

"ಪರದೆ ಬಿಟ್ಟು ಬೇರೆ ಏನಾದ್ರೂ ಯೋಚ್ನೆ ಮಾಡು."

"ಕೈಯಲ್ಲಿರೋ ಎಲೆ ಎಲ್ರಿಗೂ ಕಂಡ್ರೆ ಅದು ಆಟ ಅಲ್ಲ ಬುಚೋ, ಊರ ಸ್ನಾನದ ಮನೆ!"

ಬುಚೋ, ಅಂದರೆ ಮುಖ್ಯಸ್ಥರಾದ ನಮ್ಮ ಕುರಹಾಶಿ, ನಗಲಿಲ್ಲ. ಅವರು ಕೊನೆಯ ಸಲ ನಕ್ಕಾಗ ಒಸಾಕಾ ಕೋಟೆ ಕಟ್ಟುತ್ತಿದ್ದರು. ಶನಿವಾರ, ಭಾನುವಾರ ಯಂತ್ರವನ್ನು ಅಂಗಡಿಯಲ್ಲಿಟ್ಟು ನೋಡುವುದು; ಜನ ಕೂತರೆ ಸರಿ, ಇಲ್ಲದಿದ್ದರೆ ಭಾನುವಾರ ಸಂಜೆ ಲಾರಿ ಬಂದು ಹೊತ್ತೊಯ್ದು ಬಿಚ್ಚಿಹಾಕುವುದು, ಮಿನೆಕೊ ಗೊಂಬೆ ವಿಭಾಗದಲ್ಲಿ ಕರಡಿಗಳಿಗೆ ಮೂಗು ಹೊಲಿಯುವುದು, ಎಂದು ತೀರ್ಪು ಕೊಟ್ಟರು.

ಶನಿವಾರ ಒಬ್ಬ ಹುಡುಗನೂ ಒಳಗೆ ತಲೆ ಹಾಕಲಿಲ್ಲ. ಹುಡುಗಿಯರು ಮಾತ್ರ ನುಗ್ಗಿದರು, ಕೂದಲು ಸರಿಮಾಡಿಕೊಂಡರು, ಕೆನ್ನೆಗೆ ಎರಡು ಬೆರಳಿಟ್ಟು ಹಲ್ಲು ಕಿಸಿದರು, ಸ್ಕ್ರೀನಿನಿಂದ ಮೂರು ತಲೆಯ ಭೂತ ಎದ್ದದ್ದೇ ಕಿರುಚಿ ಓಡಿದರು. ಮಿನೆಕೊಗೆ ತಲೆಬುಡ ತಿಳಿಯಲಿಲ್ಲ.

ಭಾನುವಾರ ಅವಳು, ಗೆಳೆಯನೊಬ್ಬನ ಜೊತೆ ಯಂತ್ರವನ್ನು ದೂರದಿಂದಲೇ ಸುತ್ತು ಹಾಕುತ್ತಿದ್ದ ಒಬ್ಬ ಕಾಲೇಜು ಹುಡುಗನ ತೋಳು ಹಿಡಿದು ನಿಲ್ಲಿಸಿದಳು. "ಜೇಬಲ್ಲಿ ‘ನೂರೊಂದು ಭೂತ’ ಇಟ್ಕೊಂಡಿದೀಯ. ಇದರೊಳಗೆ ಅದೇ ಇದೆ. ಯಾಕ್ ಹೋಗಲ್ಲ?"

ಹುಡುಗ ಬೇಯಿಸಿದ ಏಡಿಯ ಹಾಗೆ ಕೆಂಪಾದ. "ಒನೇಸಾನ್... ಅಕ್ಕಾ, ನಾವಿಬ್ಬರೂ ಗಂಡಸ್ರು. ಜೊತೇಲಿ ಹುಡುಗೀರಿಲ್ಲ. ಗುಲಾಬಿ ಪರದೆ ಒಳಗೆ ಹೋದ್ರೆ ಅಂಗಡಿಯೋರು ಕುತ್ತಿಗೆ ಹಿಡಿದು ಆಚೆ ಹಾಕ್ತಾರೆ."

ಮಿನೆಕೊ ತಿರುಗಿ ನೋಡಿದಳು. ಮಿರಮಿರ ಮಿಂಚುವ ಗುಲಾಬಿ ಬಟ್ಟೆ! ಕಂಪನಿಯ ಗೋದಾಮಿನಲ್ಲಿ ಉಳಿದಿತ್ತೆಂದು ಅವಳೇ ತಂದು ಹೊಲಿಸಿದ್ದು. ಸ್ಟಿಕ್ಕರ್ ಫೋಟೋ ತೆಗೆಯುವ ಗೂಡುಗಳಿಗೆಂದು ತರಿಸಿದ್ದ ಬಟ್ಟೆ. ಬರೀ ಗಂಡಸರಿಗೆ ಆ ಗೂಡುಗಳೊಳಗೆ ಪ್ರವೇಶವಿಲ್ಲ ಎಂಬ ಫಲಕ ಊರಿನ ಎಲ್ಲ ಆಟದಂಗಡಿಗಳಲ್ಲೂ ನೇತಾಡುತ್ತಿತ್ತು. ಆಡುವವರನ್ನೆಲ್ಲ ಅವಳೇ ತನ್ನ ಕೈಯಾರೆ ಹೊರಗೆ ನಿಲ್ಲಿಸಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಕೂತು ಅಳುತ್ತಿದ್ದರು. ಮಿನೆಕೊ ಗುಲಾಬಿ ಬಟ್ಟೆಯನ್ನು ಪರ್ರನೆ ಹರಿದೆಸೆದಳು. ಆ ಸದ್ದು ಕೋಬೆಯ ಬಂದರಿಗೆ ಕೇಳಿ ಎರಡು ಹಡಗು ದಾರಿ ಬಿಟ್ಟವು.

"ಪರದೆ ಕಿತ್ಯಲ್ಲ," ಫಲಿತಾಂಶ ನೋಡಲು ಅಂಗಡಿಗೆ ಬಂದಿದ್ದ ಕುರಹಾಶಿ ಗಡಿಯಾರ ನೋಡಿದರು. "ಇನ್ನು ಹಾಗೇ ಆಡಿಸು. ಲಾರಿ ಹೊರಟಾಯ್ತು."

"ಆಡಿಸಲ್ಲ. ಗುಟ್ಟಿಲ್ಲದೆ ಈ ಆಟ ಇಲ್ಲ. ಪರದೆ ತರ್ತೀನಿ."

ಅವಳು ಪಕ್ಕದ ಓಡೆನ್ ಅಂಗಡಿಗೆ ನುಗ್ಗಿದಳು. ಅದನ್ನು ನಡೆಸುತ್ತಿದ್ದ ಒತ್ಸುನೆಯನ್ನು ಬೀದಿಯೆಲ್ಲ ಒಬಾಚಾನ್ ಎಂದು ಕರೆಯುತ್ತಿತ್ತು. ಅವಳು ಊರಿಗೇ ಅತ್ತೆಮ್ಮ. ಅವಳ ಪಾತ್ರೆಯಲ್ಲಿ ಕುದಿಯುತ್ತಿದ್ದ ಓಡೆನ್, ಅಂದರೆ ಮೂಲಂಗಿ, ಮೊಟ್ಟೆ ಬೇಯುವ ಸಾರು, ಅವಳ ಅಜ್ಜಿಯ ಕಾಲದಿಂದ ಆರಿರಲಿಲ್ಲ. ಬಾಗಿಲಲ್ಲಿ ಭುಜದವರೆಗೆ ಇಳಿಬಿಟ್ಟ ಕಡುನೀಲಿ ಪರದೆ. ಹಿತ್ತಿಲ ಬಾಗಿಲಿಗೂ ಅಂಥದೇ ಇನ್ನೊಂದು.

"ಒಬಾಚಾನ್, ಎರಡೂ ಪರದೆ ಬೇಕು. ಸಂಜೆ ತನಕ."

"ತಲೆ ಕೆಟ್ಟಿದ್ಯೇನೇ? ಪರದೆ ಇಳಿಸಿದ್ರೆ ಅಂಗಡಿ ಮುಚ್ತು ಅಂತ ಗಿರಾಕಿಗಳು ವಾಪಸ್ ಹೋಗ್ತಾರೆ!"

"ಹೋಗ್ಲಿ. ನೀನೂ ನನ್ ಜೊತೆ ಬಾ. ಹನಫುದಾ ಎಲೆ ಆಟದಲ್ಲಿ ಈ ಬೀದಿಗೆಲ್ಲ ನೀನೇ ರಾಣಿ ಅಂತ ಕೊಚ್ಕೋತೀಯಲ್ಲ. ಭೂತದ ಎಲೆ ಹಿಡಿಯೋ ಧೈರ್ಯ ಇದ್ಯಾ ನೋಡೋಣ."

ಒತ್ಸುನೆ ಸೌಟನ್ನು ಕುಕ್ಕಿದಳು. "ಭೂತಾನಾ? ನಾನು ಮದುವೆಯಾಗಿದ್ದೇ ಒಂದನ್ನ!"

ಪರದೆಗಳು ಏರಿದವು. ಯಂತ್ರದ ಆಚೆ ಬದಿಯಲ್ಲಿ ಒತ್ಸುನೆ ಕೂತಳು. ಎದುರು ಬದಿ ಖಾಲಿ. ಅಷ್ಟರಲ್ಲಿ ಲಾರಿ ಬಂದೇಬಿಟ್ಟಿತು. ಅದರಿಂದ ಇಳಿದ ನಬೆಶಿಮಾ ಎಂಬ ಡ್ರೈವರ್ ಬಾಗಿಲಿಗಿಂತ ಅಗಲ, ಹಸಿವು ಅವನಿಗಿಂತ ಅಗಲ. ಎತ್ತಬೇಕಾದ ಯಂತ್ರ ಯಾವುದೆಂದು ಹುಡುಕುತ್ತ ಬಂದವನ ಕಣ್ಣಿಗೆ ಬಿದ್ದದ್ದು ನೀಲಿ ಪರದೆ. ಒಸಾಕಾದ ಹೊಟ್ಟೆ ಅಂಥ ಪರದೆ ಕಂಡರೆ ಮಿದುಳನ್ನು ಕೇಳಲು ಹೋಗುವುದಿಲ್ಲ. ತಲೆ ಒಳಗಿಟ್ಟು ಕೂಗಿದ:

"ಒಬಾಚಾನ್, ಮೂಲಂಗಿ ಒಂದು, ಮೊಟ್ಟೆ ಎರಡು!"

ಆಚೆಯಿಂದ ಒತ್ಸುನೆಯ ದನಿ ಬಂತು: "ಗೆದ್ರೆ ಮೂಲಂಗಿ! ಮೊದ್ಲು ಕೂತ್ಕೊಂಡು ಎಲೆ ಹಾಕೋ, ದಪ್ಪಗ!"

"ಯಾರಿಗೆ ದಪ್ಪಗ ಅಂದೆ, ಮುದುಕಿ?" ನಬೆಶಿಮಾ ಕೂತ. ಕುರ್ಚಿ ನರಳಿತು. ಮಿನೆಕೊ ಪರದೆಯ ಅಂಚಿನಿಂದ ಕೈ ತೂರಿಸಿ ಗುಂಡಿ ತೋರಿಸಿದಳು, ಅಷ್ಟೆ.

ಮೇಲಿನ ಸ್ಕ್ರೀನಿನಲ್ಲಿ ಒಂದು ಭೂತ ಬಿತ್ತು. ಅದರ ಮೇಲೆ ಇನ್ನೊಂದು. ಒಳಗಿನಿಂದ ಬೈಗುಳ, ನಗು, ಮೇಜು ಗುದ್ದುವ ಸದ್ದು. ಹೊರಗೆ ನಿಂತವರಿಗೆ ಇಬ್ಬರ ಕೈಯಲ್ಲಿ ಏನಿದೆಯೆಂದು ತಿಳಿಯದು. ಕಾಣುತ್ತಿದ್ದದ್ದು ಪರದೆಯ ಕೆಳಗೆ ಎರಡು ರಬ್ಬರ್ ಬೂಟು, ಆಚೆ ಎರಡು ಮರದ ಗೆತಾ ಚಪ್ಪಲಿ. ಗೆತಾ ಕುಣಿದರೆ ಒಬಾಚಾನ್ ಹತ್ತಿರ ಒಳ್ಳೆಯ ಎಲೆಯಿದೆ ಎಂದು ಒಬ್ಬ ಸಾರಿದ. ಸುಳ್ಳಿಗೆ ಕುಣಿಸುತ್ತಾಳೆ ಎಂದು ಇನ್ನೊಬ್ಬ. ಏಡಿಯಂತೆ ಕೆಂಪಾಗಿದ್ದ ಹುಡುಗ ಎಲ್ಲರಿಗಿಂತ ಮೊದಲು ಸಾಲಿಗೆ ನಿಂತ. ಸಾಲು ಬಾಗಿಲು ದಾಟಿತು, ಬೀದಿ ದಾಟಿತು. ಅದರ ಬಾಲ ಕ್ಯೋತೋದಲ್ಲಿತ್ತು ಎನ್ನುವವರ ಮಾತನ್ನು ನಾನು ಕೊಂಚ ತಗ್ಗಿಸಿ ಹೇಳುತ್ತಿದ್ದೇನೆ.

"ಲಾರಿ ಡ್ರೈವರ್ ಎಲ್ಲಿ? ಯಂತ್ರ ಎತ್ತಬೇಕು!" ಕುರಹಾಶಿ ಜನರ ನಡುವೆ ನುಸುಳುತ್ತ ಬಂದರು.

ಮಿನೆಕೊ ರಬ್ಬರ್ ಬೂಟುಗಳತ್ತ ಕೈ ತೋರಿಸಿದಳು. "ಅಲ್ಲಿದಾರೆ. ನೀವೇ ಎಬ್ಬಿಸಿ ನೋಡಿ."

ಕುರಹಾಶಿ ಪರದೆ ಸರಿಸಿ ತಲೆ ಹಾಕಿದರು.

"ಏಯ್, ನನ್ನ ಎಲೆ ನೋಡ್ಬೇಡ!" ನಬೆಶಿಮಾ ಗುಡುಗಿದ. ಸಾಲಿನವರೆಲ್ಲ ಒಟ್ಟಿಗೆ ಕೂಗಿದರು: "ಇಣುಕಬೇಡಿ! ಇಣುಕಬೇಡಿ!"

ಕುರಹಾಶಿ ಬೆಂಕಿ ಮುಟ್ಟಿದವರ ಹಾಗೆ ತಲೆ ಈಚೆ ತೆಗೆದರು. ಪರದೆಯನ್ನು ತಾವೇ ನೆಟ್ಟಗೆ ಎಳೆದು ಸರಿಮಾಡಿದರು. ಮೇಲಿನ ಸ್ಕ್ರೀನಿನತ್ತ ಕತ್ತೆತ್ತಿದರು. ಕೋಟೆ ಕಟ್ಟಿದಾಗಿನಿಂದ ಬಿಗಿದುಕೊಂಡಿದ್ದ ಅವರ ತುಟಿ ಒಂದು ಮೂಲೆಯಲ್ಲಿ ಸಡಿಲವಾಯಿತು.

"ತೊರಿತಾನಿ, ಈ ಬಟ್ಟೆಗೆ ನೀಲಿ ಬಣ್ಣ ಎಲ್ಲಿ ಹಾಕಿಸ್ತಾರೆ? ಪ್ರತಿ ಯಂತ್ರಕ್ಕೂ ಇದೇ ಬೇಕು."

"ನಾಳೆ ವಿಚಾರಿಸ್ತೀನಿ ಬುಚೋ. ಈಗ ಒಂದೋ ಸಾಲಲ್ಲಿ ನಿಂತ್ಕೊಳಿ, ಇಲ್ಲಾ ದಾರಿ ಬಿಡಿ. ಹಿಂದೆ ಜನ ಕಾಯ್ತಿದಾರೆ."

ಕುರಹಾಶಿ ಕೋಟಿನ ಗುಂಡಿ ಬಿಚ್ಚಿ, ಸಾಲಿನ ಬಾಲ ಹುಡುಕಿಕೊಂಡು ಹೊರಟರು. ಲಾರಿ ಅಂದು ಖಾಲಿ ಕೂಡ ವಾಪಸಾಗಲಿಲ್ಲ. ಅದನ್ನು ಓಡಿಸಬೇಕಾದವನು ಇನ್ನೂ ಒಳಗೇ ಇದ್ದ, ಆಟದಲ್ಲಿ ಸೋತು ಕಳೆದುಕೊಂಡ ಮೂಲಂಗಿಗಾಗಿ ಕಾದಾಡುತ್ತ.