ಸೊನ್ನೆ–ಎರಡು

ಕಸ್ಮಿ ಆರನೆಯ ಚೀಟಿ ಬಿಡಿಸುವ ಹೊತ್ತಿಗೆ ಕೆತ್ತನೆಯ ಶೆಡ್ಡಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದಿತ್ತು. ಹನ್ನೊಂದು ಗಂಡಸರು ಅರ್ಧ ಕೆತ್ತಿದ ಮಂಚಗಳ ಮೇಲೆ, ತೇಗದ ಹಲಗೆಗಳ ಮೇಲೆ ಕೂತು ಲವಂಗದ ಸಿಗರೇಟು ಸೇದುತ್ತಿದ್ದರು. ನಿನ್ನೆ ಸಂಜೆ ಊರಿನ ಫುಟ್‌ಬಾಲ್ ತಂಡ ಪಕ್ಕದ ಊರಿನವರಿಗೆ ಸೊನ್ನೆ–ಎರಡರಿಂದ ಸೋತಿತ್ತು, ಅದೂ ಸ್ವಂತ ಮೈದಾನದಲ್ಲಿ.

"ಎರಡು–ಒಂದು, ನಮಗೆ," ಎಂದು ಓದಿ ಅವಳು ಚೀಟಿಯನ್ನು ಪಕ್ಕಕ್ಕಿಟ್ಟಳು.

"ನಮಗಂತೆ," ಎಂದು ಗಂಡ ತುಗಿಮಾನ್ ಮೂಗು ಮುರಿದ. "ನಮ್ಮ ಗೋಲ್‌ಕೀಪರ್ ನಿಂತಲ್ಲೇ ನಿದ್ದೆ ಹೊಡೀತಿದ್ದ. ಅವನಿಗೊಂದು ದಿಂಬು ಕೆತ್ತಿ ಕೊಡಿ."

ಯಾರೂ ನಗಲಿಲ್ಲ.

ಈ ಚೀಟಿಯಾಟ ಕಸ್ಮಿಯ ಮಾವನ ಕಾಲದಿಂದ ನಡೆದುಬಂದದ್ದು. ಶೆಡ್ಡಿನಲ್ಲಿ ಇದ್ದವರೆಲ್ಲ ಅಣ್ಣತಮ್ಮಂದಿರು, ಅವರ ಮಕ್ಕಳು, ಭಾವಮೈದುನರು. ಹೊರಗಿನವರೆಂದರೆ ದರ್ಸೊನೊ ತಾತ ಒಬ್ಬರೇ. ಪಂದ್ಯಕ್ಕೆ ಮೊದಲು ಚೀಟಿಯ ಮೇಲ್ಭಾಗದಲ್ಲಿ ಗೋಲು, ಕೆಳಗೆ ಹೆಸರು ಬರೆದು, ಹೆಸರು ಕಾಣದಂತೆ ಮಡಿಚಿ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಮಾರನೆಯ ದಿನ ಮನೆಯ ಹೆಂಗಸೊಬ್ಬಳು ಗೋಲುಗಳನ್ನು ಗಟ್ಟಿಯಾಗಿ ಓದುತ್ತಾಳೆ. ಗೆದ್ದವನ ಹೆಸರನ್ನು ಮಾತ್ರ ಬಿಡಿಸಿ ಹೇಳುವುದು, ಉಳಿದವರ ಹೆಸರು ಮಡಿಕೆಯಲ್ಲೇ ಒಲೆಗೆ ಹೋಗುತ್ತದೆ. ಗೆದ್ದವನಿಗೆ ಎಲ್ಲರೂ ಸೇರಿ ಕೊಂಡ ಒಂದು ಆಡು. ಹಿಂದೆ ಊರಿನ ತಂಡ ಸೋಲುತ್ತದೆಂದು ಬರೆದು ಗೆದ್ದವರೂ ಇದ್ದರು. ಅಂಥವರನ್ನು ನಾಲ್ಕು ದಿನ ಗೇಲಿ ಮಾಡಿ, ಅದೇ ಆಡಿನ ಮಾಂಸವನ್ನು ಚಪ್ಪರಿಸಿ ತಿಂದು ಮರೆತುಬಿಡುತ್ತಿದ್ದರು.

ಈ ಸಲ ಮಾತು ಬೇರೆಯಾಗಿತ್ತು. ಕಳೆದ ತಿಂಗಳು ಪಂದ್ಯ ನೋಡಿ ವಾಪಸಾಗುವಾಗ ಪಕ್ಕದ ಊರಿನವರು ಬಸ್ಸಿಗೆ ಕಲ್ಲು ತೂರಿದ್ದರು. ಯಜಮಾನ ಸುಯಿತ್ನೊನ ಮಗಳ ಎಡಗಣ್ಣು ಹೋಗಿತ್ತು. ಸುಯಿತ್ನೊ ತುಗಿಮಾನನ ಒಡಹುಟ್ಟಿದ ಅಣ್ಣ. ಅಂದಿನಿಂದ ಅವನು ಊಟಕ್ಕೆ ಕೂತರೂ ಹಲ್ಲು ಕಚ್ಚಿಕೊಂಡೇ ಕೂರುತ್ತಿದ್ದ.

ಕಸ್ಮಿ ಏಳನೆಯದನ್ನು ತೆಗೆದಳು. "ಸೊನ್ನೆ–ಎರಡು, ಅವರಿಗೆ."

ಅಭ್ಯಾಸಬಲದಿಂದ ಬಾಯಿ ಓದಿಬಿಟ್ಟಿತ್ತು. ಮಡಿಕೆ ಬಿಡಿಸಿದಳು. ಗಂಡನ ಹೆಸರು ಇತ್ತು. ಆಡಿನ ಆಸೆಗೆ ಬಿದ್ದ ಮೂರ್ಖ! ತಪ್ಪಾದರೆ ಯಾರಿಗೂ ಗೊತ್ತಾಗದು, ಸರಿಯಾದರೆ ನಾಲ್ಕು ದಿನದ ಗೇಲಿ ತಾನೆ ಎಂದುಕೊಂಡಿರಬೇಕು. ತಲೆಯೆತ್ತಿದಾಗ ತುಗಿಮಾನನ ಮುಖ ಸುಣ್ಣದಂತಾಗಿತ್ತು.

"ಯಾರದ್ದು?" ಸುಯಿತ್ನೊ ಮೆಲ್ಲಗೆ ಕೇಳಿದ. ಅವನ ಹಿಂದೆ ಇಬ್ಬರು ಎದ್ದು ನಿಂತರು. "ನನ್ನ ಮಗಳ ಕಣ್ಣು ಕಿತ್ತೋರು ಗೆಲ್ತಾರೆ ಅಂತ ಬರೆದೋನು ಯಾರು? ಹೇಳಮ್ಮ."

ಅವಳು ಯೋಚಿಸಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಈ ಶೆಡ್ಡಿನಲ್ಲಿ ಯಾರೂ ಕೈ ಎತ್ತದ ಒಬ್ಬನೇ ಮನುಷ್ಯನೆಂದರೆ ದರ್ಸೊನೊ ತಾತ. ಸುಯಿತ್ನೊನ ಕೈಗೆ ಮೊದಲ ಉಳಿ ಕೊಟ್ಟವರು. ಅವರೆದುರು ಇವರು ಸಿಗರೇಟು ಹಚ್ಚುವುದೂ ಕೇಳಿಯೇ. ಅವರ ಹೆಸರು ಹೇಳಿದರೆ ಎಲ್ಲರೂ ಉಗುಳು ನುಂಗಿಕೊಂಡು ಕೂರುತ್ತಾರೆ.

"ತಾತಂದು," ಎಂದಳು. ಚೀಟಿಯನ್ನು ಮುಷ್ಟಿಯಲ್ಲಿ ಮುದುರಿದಳು.

ತಾತ ಅವಳನ್ನು ನೋಡಿದರು. ಆಮೇಲೆ ತುಗಿಮಾನನನ್ನು ನೋಡಿದರು. ಎಪ್ಪತ್ತು ದಾಟಿದ ಆ ಕಣ್ಣಿಗೆ ಎಲ್ಲ ತಿಳಿಯಿತೆಂದು ಕಸ್ಮಿಗೆ ಅನಿಸಿತು.

"ಹೌದಪ್ಪ, ನಂದೇ," ಎಂದರು. "ವಯಸ್ಸಾಯ್ತು. ಏನೋ ಬರೆದೆ."

ಸುಯಿತ್ನೊ ಎದ್ದು ಬಂದು ಅವರ ಕೆನ್ನೆಗೆ ಹೊಡೆದ.

ಮೊದಲ ಏಟು ಬಿದ್ದಮೇಲೆ ಮರ್ಯಾದೆಯ ಕಟ್ಟೆ ಒಡೆದುಹೋಯಿತು. ಒಬ್ಬ ಅಂಗಿ ಹಿಡಿದು ಎಳೆದ, ಇನ್ನೊಬ್ಬ ಸೊಂಟಕ್ಕೆ ಒದ್ದ. ತಾತ ಮರದ ಹೊಟ್ಟಿನಲ್ಲಿ ಬಿದ್ದರು. "ಉಪ್ಪು ತಿಂದ ಮನೆಗೆ," ಎಂದು ಯಾರೋ ಕಿರುಚಿ ಮತ್ತೆ ಒದ್ದರು. ತಾತನ ತುಟಿಯಿಂದ ಇಳಿದ ರಕ್ತಕ್ಕೆ ಹೊಟ್ಟು ಅಂಟಿಕೊಂಡಿತು. ಬಿಡಿ, ಬಿಡಿ ಎಂದು ಕಸ್ಮಿ ನಡುವೆ ನುಗ್ಗಿದಳು. ಯಾರದೋ ಮೊಣಕೈ ತಗುಲಿ ಹಲಗೆಗಳ ಮೇಲೆ ಬಿದ್ದಳು.

ಅಲ್ಲಿಂದಲೇ ಅವಳು ಗಂಡನನ್ನು ಕಂಡಳು. ಬಿಡಿಸಲು ಬರುತ್ತಿದ್ದಾನೆ ಎಂದುಕೊಂಡಳು. ತುಗಿಮಾನ್ ಮೊದಲು ಬಿಸ್ಕತ್ತಿನ ಡಬ್ಬಿಯನ್ನು ಒದ್ದ. ಓದದೆ ಉಳಿದಿದ್ದ ಚೀಟಿಗಳು ಕಾಲಡಿಗೆ ಚೆಲ್ಲಿದವು. ಬೆಂಚಿನ ಮೇಲಿದ್ದ, ಉಳಿಗೆ ಬಡಿಯುವ ಮರದ ಕೊಡತಿಯನ್ನು ಎತ್ತಿಕೊಂಡ.

"ಈ ಕೈಲೇ ತಾನೆ ಬರೆದಿದ್ದು?" ಎಂದು ತಾತನ ಬಲಗೈಯನ್ನು ಹಲಗೆಗೆ ಒತ್ತಿ ಹಿಡಿದ. "ಹೇಳೋ ಮುದುಕ, ಈ ಕೈಲೇ ತಾನೆ?"

ಕೊಡತಿ ತಾತನ ಕೈಯ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಕೇಳಿ ಒದೆಯುತ್ತಿದ್ದವರೂ ಹಿಂದೆ ಸರಿದರು. ತುಗಿಮಾನ್ ಮತ್ತೆ ಎತ್ತಿ ಮತ್ತೆ ಹೊಡೆದ. ಅಷ್ಟು ಜನರಲ್ಲಿ ಅವನಷ್ಟು ಜೋರಾಗಿ ಯಾರೂ ಹೊಡೆದಿರಲಿಲ್ಲ.

ಕೊಡತಿ ಹಿಡಿದ ಆ ಕೈಗೆ ಕಸ್ಮಿ ಹದಿನಾರು ವರ್ಷ ಅನ್ನ ಬಡಿಸಿದ್ದಳು. ಅವಳು ಎದ್ದು ಹೋಗಿ ಮುಷ್ಟಿ ಬಿಚ್ಚಿ ಸುಯಿತ್ನೊನ ಮುಂದೆ ಹಿಡಿದಳು.

"ತಾತಂದಲ್ಲ ಭಾವ. ನಾನು ಸುಳ್ಳು ಹೇಳ್ದೆ. ನೋಡಿ."

ಸುಯಿತ್ನೊ ಚೀಟಿಯನ್ನು ಓದಿದ. ಇನ್ನೊಮ್ಮೆ ಓದಿದ. ನೆಲದ ಮೇಲಿದ್ದ ತಾತನನ್ನು, ಆ ಕೈಯನ್ನು ನೋಡಿ ಅವನ ಬಾಯಿ ಅಳುವವನಂತೆ ಸೊಟ್ಟಗಾಯಿತು. ತುಗಿಮಾನನ ಕೈಯಲ್ಲಿ ಕೊಡತಿ ಇನ್ನೂ ಇತ್ತು.

"ಅಣ್ಣ," ಎಂದ ತುಗಿಮಾನ್. "ಅಣ್ಣ, ತಮಾಷೆಗೆ ಬರೆದಿದ್ದು ಕಣೋ."

"ತಾತನ್ನ ಹೊರಗೆ ಕರ್ಕೊಂಡು ಹೋಗಮ್ಮ," ಎಂದ ಸುಯಿತ್ನೊ ಕಸ್ಮಿಗೆ.

ಅವಳು ತಾತನ ಕಂಕುಳಿಗೆ ಕೈಹಾಕಿ ಎಬ್ಬಿಸಿದಳು. ಗಂಡ "ಕಸ್ಮಿ" ಎಂದು ಕರೆದದ್ದು ಕೇಳಿಸಿತು. ಅವಳು ತಿರುಗಲಿಲ್ಲ. ಅವರಿಬ್ಬರೂ ಹೊಸ್ತಿಲು ದಾಟಿದ ಮೇಲೆ ಒಳಗಿನಿಂದ ಯಾರೋ ಬಾಗಿಲು ಹಾಕಿದರು.

ಹೊರಗೆ ಬಿಸಿಲಿತ್ತು. ಅಂಗಳದ ದಿಮ್ಮಿಯ ಮೇಲೆ ತಾತನನ್ನು ಕೂರಿಸಿ ಅವಳು ತಲೆವಸ್ತ್ರ ಬಿಚ್ಚಿ ಹರಿದಳು. ಬೆರಳುಗಳು ಎಲ್ಲೆಲ್ಲಿಗೋ ತಿರುಗಿದ್ದವು. ಶೆಡ್ಡಿನೊಳಗಿಂದ ಒಂದು ಏಟಿನ ಸದ್ದು ಬಂತು, ಆಮೇಲೆ ಇನ್ನೊಂದು, ಆಮೇಲೆ ತುಗಿಮಾನನ ಕೂಗು.

ತಾತ ಏಳಲು ನೋಡಿದರು. "ಹೋಗು ಮಗಳೇ, ಅವರನ್ನ ತಡಿ. ಸಾಯಿಸಿಬಿಡ್ತಾರೆ."

"ಕೈ ಅಲ್ಲಾಡಿಸಬೇಡಿ ತಾತ," ಎಂದು ಕಸ್ಮಿ ಕಿರುಬೆರಳಿನಿಂದ ಶುರುಮಾಡಿ ಬಟ್ಟೆ ಸುತ್ತತೊಡಗಿದಳು.