ಅರ್ಧ ರೊಟ್ಟಿ

ತಾಟಿನಲ್ಲಿ ಇವತ್ತೂ ಅರ್ಧ ರೊಟ್ಟಿ, ಕಚ್ಚಿ ಬಿಟ್ಟದ್ದಲ್ಲ, ನಡುವಿಗೆ ಸರಿಯಾಗಿ ಹರಿದಿಟ್ಟದ್ದು, ಬದನೆಕಾಯಿ ಪಲ್ಯ ಮಾತ್ರ ಒರೆಸಿದ ಹಾಗೆ ಖಾಲಿ — ಅಂದರೆ ಹಸಿವಿದೆ, ಬಾಯಿ ಕೆಟ್ಟಿಲ್ಲ, ಮತ್ಯಾಕೆ ಹೀಗೆ ಮಾಡುತ್ತಾಳೆ ಈ ರುಕ್ಮವ್ವ ದೊಡ್ಡವ್ವ, ಶಿರಗುಪ್ಪಿಯ ಕಬ್ಬು ಬೆಳೆಯುವ ಮನೆಯವಳು, ಹೊಲಕ್ಕೆ ಬುತ್ತಿ ಒಯ್ಯುವಾಗ ದಾರಿಯಲ್ಲೇ ಒಂದು ರೊಟ್ಟಿ ಮುಗಿಸುತ್ತಿದ್ದೆ ಅಂತ ಅವಳೇ ನಕ್ಕು ಹೇಳಿದ್ದು, ಚಿಕ್ಕೋಡಿಯ ಈ ನರ್ಸಿಂಗ್ ಹೋಮಿಗೆ ಬಂದಾಗ ಸೋತದ್ದು ಕಾಲು, ಹೊಟ್ಟೆಯಲ್ಲ. ತಾಟು ಎತ್ತಲು ಬಗ್ಗಿದೆ, ನಡ ಹಿಡಿಯಿತು, ಸೊಂಟ ಸೆಟೆಯಿತು, ಅಯ್ಯೋ ಎನ್ನುವುದನ್ನು ನುಂಗಿದೆ, ನುಂಗುವುದು ರೂಢಿಯಾಗಿಬಿಟ್ಟಿದೆ, ನಡ ಹೋದ ಆಯಾ ಯಾರಿಗೆ ಬೇಕು, ಬಾಯಿಬಿಟ್ಟರೆ ಕೆಲಸ ಹೋದೀತು, ಮಗಳ ಶಾಲೆ ಬೇರೆ — ಅದಕ್ಕೇ ರೂಪಾಲಿ ಸಿಸ್ಟರ್ ಮುಂದೆ ನೆಟ್ಟಗೆ ನಡೆಯುತ್ತೇನೆ, ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ದೊಡ್ಡವ್ವನ ಎರಡೂ ಕೈ ನನ್ನ ಕೊರಳಿಗೆ, ಅವಳ ಕಿವಿ ನನ್ನ ಬಾಯಿಗೆ ತಾಗಿಕೊಂಡೇ, ಏಳು ನನ್ನವ್ವಾ ಏಳು — ತಾಟು ತೋರಿಸಿ ಕೇಳಿದೆ, ಯಾಕ ಬಿಟ್ಟಿ ಬೇ ದೊಡ್ಡವ್ವ, ರೊಟ್ಟಿ ಬಿರಸ ಆಗೇತೇನ? ಇಲ್ಲ. ಮತ್ತ? ಸುಮ್ಮ. ಸುಮ್ಮ ಅಂದ್ರ, ತೂಕ ಇಳದೈತಿ ಅಂತ ಸಿಸ್ಟರ್ ನನಗ ಬೈತಾರ. ಆಗ ನೋಡಬೇಕು ಅವಳ ಮುಖ, ಹಬ್ಬ ಬಂದ ಹಾಗೆ, ಇಳದೈತಿ? ಖರೇನ? ಛಲೋ ಆತು ಬಿಡು — ಎತ್ತುವಾಗ ನಿನ್ನ ಉಸಿರ ಹಿಡೀತೈತಿ ಗಂಗಾ, ನನ್ನ ಕಿವ್ಯಾಗ ಕೇಳತೈತಿ, ಕಾಲಂತೂ ಬರೂದಿಲ್ಲ, ಹಗುರಾದ್ರೂ ಆಗತೇನಿ.

ಹಗುರಾದ್ರೂ — ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಸಾಕುತ್ತಾರೆ, ಹೊಟ್ಟೆ ಕಟ್ಟಿ ಆಯಾಳ ನಡ ಕಾಯುವವರನ್ನು ನಾನೆಲ್ಲಿ ನೋಡಿದ್ದೆ, ನೋವು ಬಚ್ಚಿಟ್ಟೆ ಅಂದುಕೊಂಡೆ, ಹುಚ್ಚಿ, ಅವಳ ಕಿವಿಯಲ್ಲೇ ಇಟ್ಟಿದ್ದೆ, ಸಿಟ್ಟು ಬಂತು, ಅಳು ಬಂತು, ಈ ಋಣ ಎಲ್ಲಿ ತೀರಿಸಲಿ — ನೆಟ್ಟಗೆ ಹೋಗಿ ನಿಂತೆ, ಸಿಸ್ಟರ್, ನನ್ನ ನಡಾ ಹೋಗೈತ್ರಿ, ಒಬ್ಬಾಕಿ ಎತ್ತಾಕ ಆಗೂದಿಲ್ರಿ, ಹೋದರೆ ಹೋಗಲಿ ಕೆಲಸ, ದೊಡ್ಡವ್ವ ಉಣ್ಣಲಿ. ಸಿಸ್ಟರ್ ಗದರಿದರು, ಒಬ್ಬಾಕೀನ ಎತ್ತಂತ ಯಾರ ಹೇಳ್ಯಾರ, ಇಷ್ಟ ದಿನಾ ಬಾಯಿಗೆ ಏನಾಗಿತ್ತು, ನಾಳಿ ಡಾಕ್ಟರಿಗೆ ತೋರ್ಸು, ಕೋಮಲಾನ್ನ ಕರ್ಕೊ, ಇನ್ಮ್ಯಾಲ ಇಬ್ಬರು ಕೂಡೇ ಎತ್ತೂದು — ಬೈಗುಳವೂ ಇಷ್ಟು ತಂಪಾಗಿರುತ್ತದೆಂದು ಗೊತ್ತಿರಲಿಲ್ಲ, ಪುಣ್ಯಾತ್ಗಿತ್ತಿ, ಅವಳ ಮನೆ ತಣ್ಣಗಿರಲಿ. ಇನ್ನೊಬ್ಬ ಆಯಾ ಕೋಮಲ ಆ ಕಡೆ, ನಾನು ಈ ಕಡೆ, ಹೂಂ ಅನ್ನುವಷ್ಟರಲ್ಲಿ ದೊಡ್ಡವ್ವ ಎದ್ದೇಬಿಟ್ಟಳು, ನಡ ಚುಚ್ಚಿತು, ಉಸಿರು ಹಿಡಿಯಲಿಲ್ಲ, ಅವಳ ಕಿವಿ ನನ್ನ ಬಾಯಿಯ ಹತ್ತಿರವೇ, ನನ್ನ ಉಸಿರು ಕೇಳುತ್ತಲೇ ಇದ್ದಳು, ಕುರ್ಚಿಯಲ್ಲಿ ಕೂತ ಮೇಲೂ ಕೇಳುತ್ತಲೇ ಇದ್ದಳು, ಆಮೇಲೆ ಮೆಲ್ಲಗೆ ತಾಟಿನತ್ತ ಕೈ ಚಾಚಿದಳು, ರೊಟ್ಟಿ ಬಾಯಿಯ ಹತ್ತಿರ ತಂದು ನಿಲ್ಲಿಸಿದಳು, ನನ್ನ ಮುಖ ನೋಡಿದಳು, ಇನ್ನ ಉಣ್ಲೇನ ಗಂಗಾ? — ಅವಳ ಕೈ ಅಲ್ಲೇ, ಅರ್ಧ ರೊಟ್ಟಿ, ಬಾಯಿಯ ಹತ್ತಿರ, ನನ್ನ ಹೂಂ ಕಾಯುತ್ತಾ, ಅರ್ಧ ರೊಟ್ಟಿ —